ನಾಲ್ಕು ಸೀಟಿದೆ ಅಂದರೆ ನಾಲ್ಕು ಜನ ಹತ್ತಬಹುದು ಅಂತಲ್ಲ

ನಿನ್ನೆ ಅಕ್ಕನ ಮನೆಯಲ್ಲಿ ಊಟ. ಅವಳ ಮಗ ತಟ್ಟೆ ಪಕ್ಕ ಫೋನ್ ಇಟ್ಟು ವಿಡಿಯೋ ತೋರಿಸಿದ. ಸೆಸ್ನಾ 172, ಸೆಸ್ನಾ 206, ಸಿರಸ್ ಎಸ್‌ಆರ್22, ಒಂದೇ ಎಂಜಿನ್ನಿನ ವಿಮಾನಗಳಲ್ಲಿ ಯಾವುದು ಬೆಸ್ಟ್ ಅಂತ. ಬರೀ ಸ್ಪೀಡು, ಲೆದರ್ ಸೀಟು, ಸ್ಕ್ರೀನು. ಎಷ್ಟು ತೂಕ ಹೊರುತ್ತದೆ? ಒಂದು ಮಾತಿಲ್ಲ. "ಮಾಮ, ಸಿರಸ್ಸೇ ಅಲ್ವಾ?" ಅಂತ ಬೇರೆ ಕೇಳಿದ. ನನ್ನ ಹಳೇ ಕೆಲಸ ಎಂಜಿನ್ ರಿಪೇರಿ. ಎಂಜಿನ್ ಕೆಳಗೆ ಮಲಗಿ ತಲೆ ನರೆಸಿಕೊಂಡವನ ಹತ್ತಿರ ಕೇಳುವ ಮಾತಾ ಇದು?

ಕೋಲಾರದ ಮಂಡಿಯಲ್ಲಿ ಪಿಕಪ್ ಕೊಳ್ಳುವವನು ಮೊದಲು ಕೇಳುವುದು ಎಷ್ಟು ಬಾಕ್ಸ್ ಟೊಮೆಟೊ ಹಿಡಿಯುತ್ತದೆ ಅಂತ. ಕೋಟಿಗಟ್ಟಲೆ ಬೆಲೆಯ ವಿಮಾನಕ್ಕೆ ಆ ಲೆಕ್ಕ ಬೇಡವಾ?

172 ನನಗೂ ಪ್ರಾಣ. 1955ರಲ್ಲಿ ಮೊದಲು ಹಾರಿದ್ದು, 44,000ಕ್ಕೂ ಜಾಸ್ತಿ ತಯಾರಾಗಿವೆ. ಬೇರೆ ಯಾವ ವಿಮಾನವೂ ಇಷ್ಟು ತಯಾರಾಗಿಲ್ಲ. ಆದರೆ ಅದರ ಎಸ್ ಮಾದರಿಗೆ ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರ್ ಇಂಧನ, 145 ಕೆಜಿ. ಆಮೇಲೆ ಜನಕ್ಕೆ, ಸಾಮಾನಿಗೆ ಉಳಿಯುವುದು 250 ಕೆಜಿ ಆಸುಪಾಸು. ಪೈಲಟ್, ಅಕ್ಕ, ಬಾವ, ಈ ಹುಡುಗ, ಜೊತೆಗೆ ಅಕ್ಕನ ಉಪ್ಪಿನಕಾಯಿ ಜಾಡಿ. ಒಬ್ಬರು ಇಳಿಯಬೇಕು, ಇಲ್ಲ ಇಂಧನ ಇಳಿಸಬೇಕು. ಬಾವನನ್ನು ನೋಡಿದರೆ ಯಾರು ಇಳಿಯಬೇಕು ಅಂತ ಹೇಳಬೇಕಾಗಿಲ್ಲ.

ಅದೂ ತಣ್ಣನೆ ಹೊತ್ತಿನ ಲೆಕ್ಕ. ನಮ್ಮೂರು ಕೋಲಾರ ಇರುವುದೇ 800 ಮೀಟರಿಗಿಂತ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಆದರೆ ಗಾಳಿ ಎಷ್ಟು ತೆಳು ಅಂದರೆ, ವಿಮಾನದ ಪಾಲಿಗೆ ಅದು ಸುಮಾರು 1,700 ಮೀಟರ್ ಎತ್ತರ. ನಂದಿ ಬೆಟ್ಟವೇ 1,478. ಎಂಜಿನ್ ಸೊರಗುತ್ತದೆ, ರನ್‌ವೇ ಜಾಸ್ತಿ ಬೇಕು. ವಿಡಿಯೋದವನಿಗೆ ಇದು ಬೇಕಾಗಿಲ್ಲ.

ಸಿರಸ್‌ಗೆ 310 ಕುದುರೆ ಶಕ್ತಿ. ತೂಕ ಹೊರುವುದರಲ್ಲೂ ಕಮ್ಮಿಯೇನಲ್ಲ, ಒಪ್ಪಿದೆ. ಆದರೆ ಸಾಮಾನು ತುಂಬುವುದು ಎಲ್ಲಿಂದ? ಚಿಕ್ಕ ಚಕ್ರ, ಕೆಳಗೆ ರೆಕ್ಕೆ. ಜಲ್ಲಿ ಮಣ್ಣಿನ ಪಟ್ಟಿಯಲ್ಲಿ ಇಳಿಸಲು ಮನಸ್ಸು ಬರುತ್ತಾ? 206ಕ್ಕೆ 300 ಕುದುರೆ ಶಕ್ತಿ, ರೆಕ್ಕೆ ಮೇಲೆ, ಬಲಗಡೆ ಹಿಂದೆ ಎರಡು ಕದದ ದೊಡ್ಡ ಬಾಗಿಲು. ಸೀಟು ಬಿಚ್ಚಿದರೆ ಸ್ಟ್ರೆಚರ್ ಒಳಗೆ ಹೋಗುತ್ತದೆ. ಅದಕ್ಕೂ ಒಂದು ಕಾಟ ಇದೆ. ಫ್ಲಾಪ್, ಅಂದರೆ ರೆಕ್ಕೆಯ ಹಿಂದಂಚಿನ ಹಲಗೆ, ಇಳಿದಿದ್ದರೆ ಮುಂದಿನ ಕದ ಪೂರ್ತಿ ತೆರೆಯುವುದಿಲ್ಲ. ಸ್ಪೀಡಿನ ಕಥೆ ಅಂತೀರಾ? ಇಲ್ಲಿಂದ ಹುಬ್ಬಳ್ಳಿಗೆ ನೇರ 400 ಕಿ.ಮೀ. ಸಿರಸ್ 206ಕ್ಕಿಂತ ಇಪ್ಪತ್ತು ನಿಮಿಷ ಮುಂಚೆ ಮುಟ್ಟಬಹುದು. ಅಷ್ಟಕ್ಕೆ ಇಷ್ಟು ಕುಣಿತ!

"ಸಿರಸ್‌ಗೆ ಪ್ಯಾರಾಚೂಟ್ ಇದೆಯಲ್ಲ" ಅಂತ ಬರುತ್ತೀರಿ, ಗೊತ್ತು. ಹಿಡಿ ಎಳೆದರೆ ರಾಕೆಟ್ ಹಾರಿ ಇಡೀ ವಿಮಾನ ಪ್ಯಾರಾಚೂಟಿಗೆ ಜೋತು ಇಳಿಯುತ್ತದೆ. ಜೀವ ಉಳಿಸಿದೆ, ಇಲ್ಲ ಅನ್ನಲ್ಲ. ಆದರೆ ನೆಲ ಬಿಟ್ಟ ತಕ್ಷಣ ಎಂಜಿನ್ ಕೈಕೊಟ್ಟರೆ ಅದು ಬಿಚ್ಚಿಕೊಳ್ಳುವಷ್ಟು ಎತ್ತರವೇ ಇರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಪ್ಯಾಕ್ ಮಾಡಿಸುವ ಖರ್ಚು ಬೇರೆ.

ಹೊಟ್ಟೆಕಿಚ್ಚು ಅಂದುಕೊಳ್ಳಿ, ಇದ್ದರೂ ಇರಬಹುದು. ನನ್ನ ಹೆಸರಲ್ಲಿರುವುದು ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್. ಆದರೂ ಹೇಳುತ್ತೇನೆ, ಸ್ಕ್ರೀನ್ ಎಷ್ಟು ಇಂಚು ಅಂತ ಮೊದಲು ಕೇಳುವವರು ದಯವಿಟ್ಟು ಟಿವಿ ಅಂಗಡಿಗೆ ಹೋಗಿ.