ಮಂಡಿ ನೋವಿನ ಅವ್ವ ನಡೆದ ಬೆಟ್ಟ

ಅವ್ವನಿಗೆ ಅರವತ್ತೆಂಟು. ಎರಡೂ ಮಂಡಿ ಸವೆದಿವೆ. ಚಿತ್ರದುರ್ಗದ ಕೋಟೆಯನ್ನು ಮನೆಯ ಹಿತ್ತಲಿನ ಹಾಗೆ ಸುತ್ತಿದವಳು, ಈಗ ಕೋಟೆಯ ಮೇಲಿನ ಏಕನಾಥೇಶ್ವರಿ ದೇವಿಗೆ ಕೆಳಗಿನಿಂದಲೇ ಕೈಮುಗಿದು ವಾಪಸ್ ಬರುತ್ತಾಳೆ. ಅಂಥವಳನ್ನು ಮೇ ತಿಂಗಳಲ್ಲಿ ಕೇರಳದ ಮುನ್ನಾರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಇರವಿಕುಲಂ ರಾಷ್ಟ್ರೀಯ ಉದ್ಯಾನದಲ್ಲಿ ಅವ್ವ ಬೆಟ್ಟ ನಡೆದಳು. ಯಾರ ಕೈಯನ್ನೂ ಹಿಡಿಯದೆ.

ಫೋಟೋ ನೋಡಿದ ಗೆಳೆಯನೊಬ್ಬ, "ಟಾರು ರೋಡಲ್ಲಿ ನಡೆಯೋದು ಯಾವ ಸೀಮೆ ಟ್ರೆಕ್ಕಿಂಗೋ" ಅಂದ. ಆ ಮಾತು ಮನಸ್ಸಿಗೆ ನಾಟಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಲ್ಲಿ ನಮ್ಮ ಗಾಡಿ ಕೆಳಗಿನ ಗೇಟಿನಲ್ಲೇ ನಿಂತಿತು. ಅಲ್ಲಿಂದ ಅರಣ್ಯ ಇಲಾಖೆಯ ಬಸ್ಸು ಟೀ ತೋಟಗಳ ನಡುವೆ ಸುತ್ತುತ್ತಾ ರಾಜಮಲೆಗೆ ತಂದು ಬಿಡುತ್ತದೆ. ಆಮೇಲೆ ಕಾಲ್ನಡಿಗೆ, ಒಂದೂವರೆ ಕಿಲೋಮೀಟರ್ ಇದ್ದೀತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ, 2,695 ಮೀಟರ್, ಈ ಉದ್ಯಾನದ ಒಳಗೇ ಇದೆ. ನಮ್ಮಂಥವರು ಅದನ್ನು ಹತ್ತಬೇಕಾಗಿಲ್ಲ, ಪಕ್ಕದಲ್ಲಿ ನಡೆದರೆ ಸಾಕು.

ಅವ್ವ ಹತ್ತು ಹೆಜ್ಜೆ ಇಡುವುದು, ನಿಲ್ಲುವುದು. ನಿಂತಾಗಲೆಲ್ಲ ಏನಾದರೂ ಕಾಣುತ್ತಿತ್ತು. ಒಂದು ಕಡೆ ಬಂಡೆಯ ಸಂದಿಯಿಂದ ನೀರು ಜಿನುಗುತ್ತಿತ್ತು. ಅವಳು ಬೆರಳಿಟ್ಟು ನೋಡಿ, "ಮೇ ತಿಂಗಳಲ್ಲಿ, ಬೆಟ್ಟದ ನೆತ್ತಿ ಮೇಲೆ ನೀರು ಕಣಪ್ಪ" ಅಂದಳು. ಕೊಡ ಹಿಡಿದು ನಲ್ಲಿ ಮುಂದೆ ಆಯುಷ್ಯ ಕಳೆದ ಬಯಲುಸೀಮೆಯ ಹೆಂಗಸಿಗೆ ಆ ಒಂದೆಳೆ ನೀರು ಎಷ್ಟು ದೊಡ್ಡದು ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನೆತ್ತಿಯಲ್ಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಚೂರು ಚೂರೇ ಬಿಡುವುದು ಈ ಹುಲ್ಲು, ಈ ಶೋಲಾ. ಓದಿ ಗೊತ್ತಿತ್ತು. ಅವ್ವನ ಒದ್ದೆ ಬೆರಳು ನೋಡಿದಾಗ ಅರ್ಥವಾಯಿತು.

ಇನ್ನೊಂದು ತಿರುವಿನಲ್ಲಿ, ನಾಲ್ಕು ಮಾರು ದೂರಕ್ಕೆ, ನೀಲಗಿರಿ ತಾರ್ ಅನ್ನುವ ಬೆಟ್ಟದ ಕಾಡುಮೇಕೆ. ತಾಯಿ, ಮರಿ. ತಾಯಿ ನಮ್ಮ ಕಡೆ ತಿರುಗಿಯೂ ನೋಡದೆ ಕರಕರ ಅಂತ ಹುಲ್ಲು ಕಡಿಯುತ್ತಿತ್ತು. ಮರಿ ಕಡಿದಾದ ಬಂಡೆಯ ಮೇಲೆ ನಾಲ್ಕೂ ಕಾಲು ಒಂದೇ ಕಡೆ ಕೂಡಿಸಿ ನಿಂತಿತ್ತು. ಅಲ್ಲಿಯವರು ಅದಕ್ಕೆ ವರಯಾಡು ಅನ್ನುತ್ತಾರೆ. ಅವ್ವ ತಕ್ಷಣ, "ಆಡು ಅಂದ್ರಲ್ಲಾ, ಹಂಗಾರೆ ಇದು ನಮ್ಮ ಆಡುಮಲ್ಲೇಶ್ವರದ್ದೇ" ಅಂದಳು. ನಮ್ಮ ದುರ್ಗದ ಪಕ್ಕ, ಜೋಗಿಮಟ್ಟಿ ಬೆಟ್ಟದ ದಾರಿಯಲ್ಲಿರುವ ಜಾಗ ಅದು. ಭಾಷೆ ಬಾರದ ಊರಿನಲ್ಲಿ ಅವಳಿಗೆ ಸಿಕ್ಕ ಮೊದಲ ನೆಂಟ ಆ ಆಡು.

ಮರಿ ಹಾಕುವ ಕಾಲ ಅಂತ ಫೆಬ್ರವರಿ, ಮಾರ್ಚ್ ಹೊತ್ತಿಗೆ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ. 97 ಚದರ ಕಿಲೋಮೀಟರಿನಲ್ಲಿ ನಮ್ಮಂಥವರಿಗೆ ಬಿಟ್ಟಿರುವುದು ರಾಜಮಲೆಯ ಇದೊಂದು ತುಣುಕು. ಉಳಿದದ್ದೆಲ್ಲ ಪ್ರಾಣಿಗಳಿಗೆ. ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಈಗ ದುರ್ಗದ ಪಕ್ಕದ ನಮ್ಮ ಜೋಗಿಮಟ್ಟಿ ಬೆಟ್ಟಕ್ಕೆ ಬನ್ನಿ. 2015ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಅಂದರೆ ಇರವಿಕುಲಂಗಿಂತ ಒಂದು ಕೈ ಹೆಚ್ಚೇ. ಶೋಲಾ ಇಲ್ಲ, ನಿಜ. ಬಾದೆಹುಲ್ಲು, ಸೀತಾಫಲದ ಪೊದೆ, ದಿಂಡಿಗದ ಮರ, ಕರಡಿ, ಚಿರತೆ, ನವಿಲು, ಆಚೆ ಗುಡ್ಡಗಳ ಸಾಲಿನಲ್ಲಿ ಗಾಳಿ ಫ್ಯಾನು. ನನ್ನ ಕಣ್ಣಿಗೆ ಇದೇನೂ ಕಡಿಮೆ ಚೆಲುವಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅವ್ವನನ್ನು ಅಲ್ಲಿಗೂ ಕರೆದೊಯ್ದಿದ್ದೆ. ಕೊನೆಯ ಏರಿನಲ್ಲಿ, "ಇಳಿಸಪ್ಪ, ಸ್ವಲ್ಪ ನಡೀತೀನಿ" ಅಂದಳು. ಇಳಿಸಿದೆ. ಎರಡು ನಿಮಿಷಕ್ಕೆ ಹಿಂದಿನಿಂದ ಹಾರ್ನು, ಮುಂದಿನಿಂದ ಹಾರ್ನು, ಕಾರಿನ ಬಾಗಿಲು ತೆಗೆದು ಜೋರಾಗಿ ಹಾಕಿದ ಹಾಡು. ಅವ್ವ ರಸ್ತೆಯಂಚಿನ ಹುಲ್ಲಿಗೆ ಸರಿದು ಸೆರಗು ಬಿಗಿಹಿಡಿದು ನಿಂತಳು. ಆಮೇಲೆ ತಾನೇ ಬಂದು ಕಾರಿನಲ್ಲಿ ಕೂತಳು. ಬೆಟ್ಟ ಕಡಿದಾಗಿದ್ದಕ್ಕಲ್ಲ ಅವಳು ಸೋತದ್ದು.

ನನ್ನ ಕೋರಿಕೆ ಇಷ್ಟೇ. ನಮ್ಮ ಗಾಡಿಗಳೆಲ್ಲ ಕೆಳಗೇ ನಿಲ್ಲಲಿ. ಒಂದೆರಡು ಸಣ್ಣ ಬಸ್ಸು ಓಡಲಿ, ನೆತ್ತಿಗೆ ಒಂದೆರಡು ಕಿಲೋಮೀಟರ್ ಇರುವಾಗಲೇ ಇಳಿಸಲಿ. ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಒಂದು ಶೌಚಾಲಯ. ನಡೆಯಲು ಆಗದೇ ಇದ್ದವರನ್ನು ಮೇಲಿನ ತನಕ ಬಿಡಲಿ. ಬಸ್ಸು ಬಿಟ್ಟರೆ ಜನ ಹೆಚ್ಚಾಗಿ ಕಾಡು ಹಾಳಾಗುತ್ತದೆ ಅನ್ನುವವರ ಭಯ ನನಗೂ ಇದೆ. ಆದರೆ ಒಂದೇ ದಾರಿ, ಕಾಲ್ನಡಿಗೆ, ಬ್ಯಾಗು ತಪಾಸಣೆ ಅಂತಾದರೆ ಸೀಸೆ ಒಡೆಯಲು ಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಹುಲ್ಲು ಒಣಗಿ ಒಂದು ಕಿಡಿಗೆ ಗುಡ್ಡವೇ ಹೊತ್ತುವ ತಿಂಗಳುಗಳಲ್ಲಿ ನಾವೂ ಬಾಗಿಲು ಹಾಕೋಣ. ಅಲ್ಲಿ ಮರಿಗಳಿಗಾಗಿ ಮುಚ್ಚಿದ ಹಾಗೆ, ಇಲ್ಲಿ ಹುಲ್ಲಿಗಾಗಿ.

ಇರವಿಕುಲಂನಲ್ಲಿ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2018ರಲ್ಲಿ ಅರಳಿತ್ತು, ಮುಂದಿನದು 2030. ಇಳಿಯುವಾಗ ಅವ್ವ ಬೆರಳು ಮಡಿಚಿ ಎಣಿಸಿದಳು. "ಆಗ ಕರ್ಕಂಡು ಬರ್ತೀಯಾ?" ಅಂತ ಕೇಳಿದಳು. ಬರ್ತೀನಿ ಅಂದಿದ್ದೇನೆ. ಅಲ್ಲಿಯವರೆಗೆ ಮಂಡಿಗೆ ಅಭ್ಯಾಸ ತಪ್ಪಬಾರದಲ್ಲ.

ಬರುವ ಭಾನುವಾರ ಬೆಳಿಗ್ಗೆ, ಗಾಡಿಗಳು ಶುರುವಾಗುವ ಮೊದಲು, ಆಡುಮಲ್ಲೇಶ್ವರದಿಂದ ನಾನೂ ಅವ್ವನೂ ಹೊರಡುತ್ತೇವೆ. ಅವಳ ಮಂಡಿ ಎಲ್ಲಿ ಸಾಕು ಅನ್ನುತ್ತದೋ ಅಲ್ಲಿವರೆಗೆ. ದುರ್ಗದವರು ಯಾರಾದರೂ ಮನೆಯ ಹಿರಿಯರನ್ನು ಕರೆದುಕೊಂಡು ಬರುವುದಾದರೆ ಬನ್ನಿ, ಮಂಡಕ್ಕಿ ಒಗ್ಗರಣೆ ನಮ್ಮ ಮನೆಯಿಂದ.