ಮರೆವು ಬರುವ ಮೊದಲೇ ರಕ್ತ ಪರೀಕ್ಷೆ: ಬೇಕಾ, ಬೇಡವಾ?

ಅಮ್ಮನಿಗೋ ಅಪ್ಪನಿಗೋ ಆಲ್ಝೈಮರ್ಸ್ ಇತ್ತು. ನಿಮಗೆ ಈಗ ಐವತ್ತೈದು, ಮರೆವು ಗಿರೆವು ಏನೂ ಇಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸಿ ಮುಂದೇನು ಅಂತ ತಿಳಿದುಕೊಳ್ಳಬೇಕಾ? ಎರಡೂ ಕಡೆಯ ವಾದ ನಾನೇ ಬರೆಯುತ್ತಿದ್ದೇನೆ. ಒಂದು ಕಡೆ ಉದ್ದ ಆದರೆ ನನ್ನ ಒಲವು ಎತ್ತ ಅಂತ ನಿಮಗೇ ಗೊತ್ತಾಗುತ್ತದೆ.

ಪರ: ಗೊತ್ತಿರಲಿ

"ಅರುವತ್ತಕ್ಕೆ ಅರಳು ಮರಳು" ಅಂತ ನಕ್ಕು ಸುಮ್ಮನಾಗುವುದು ನಮಗೆಲ್ಲ ಅಭ್ಯಾಸ. ಮಂಗಳೂರಿನ ಕದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಅಮ್ಮ ಮೀನು ತರುವ ಅಕ್ಕನಿಗೆ ಬೆಳಿಗ್ಗೆ ದುಡ್ಡು ಕೊಟ್ಟು, ಅರ್ಧ ಗಂಟೆ ಬಿಟ್ಟು ಕರೆದು ಮತ್ತೆ ಕೊಟ್ಟಾಗಲೂ ನಕ್ಕಿದ್ದೆವು. ಆ ಅಕ್ಕನೇ ವಾಪಸ್ ಕೊಟ್ಟು ಹೋದಳು. ಆಮೇಲೆ ಚೆಕ್ಕಿನ ಸಹಿ ಹಳೆಯದಕ್ಕೆ ತಾಳೆಯಾಗಲಿಲ್ಲ. ಮಗ ದುಬೈ, ಮಗಳು ಮುಂಬೈ. ಇಬ್ಬರೂ ಓಡಿ ಬರುವಷ್ಟರಲ್ಲಿ ಅಮ್ಮನಿಗೆ ಕಾಗದದಲ್ಲಿ ಏನಿದೆ ಅಂತ ಅರ್ಥವಾಗುತ್ತಿರಲಿಲ್ಲ.

ಈ ಕಾಯಿಲೆ ದಿಢೀರನೆ ಬರುವುದಲ್ಲ. ಮರೆವು ಕಾಣಿಸುವುದಕ್ಕೆ 15-20 ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಕಟ್ಟಿಕೊಳ್ಳಲು ಶುರುವಾಗಿರುತ್ತದೆ. ಮೊದಲೆಲ್ಲ ಅದನ್ನು ನೋಡಲು ದುಬಾರಿ ಪೆಟ್ ಸ್ಕ್ಯಾನ್ ಬೇಕಿತ್ತು, ಇಲ್ಲವೇ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು. ಈಗ ರಕ್ತದಲ್ಲೇ ಪಿ-ಟೌ217 ಅನ್ನುವ ಪ್ರೋಟೀನಿನಿಂದ ಇದರ ಗುರುತು ಸಿಗುತ್ತದೆ. ಇಂಥ ಮೊದಲ ರಕ್ತ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅಮಿಲಾಯ್ಡ್ ತೆಗೆಯುವ ಲೆಕಾನೆಮಾಬ್, ಡೊನಾನೆಮಾಬ್ ಮದ್ದುಗಳು ಕೆಲಸ ಮಾಡುವುದು ಶುರುವಿನ ಹಂತದಲ್ಲಿ ಮಾತ್ರ. ತಡವಾದರೆ ಇವೂ ಇಲ್ಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪವರ್ ಆಫ್ ಅಟಾರ್ನಿ ಬರೆದಿಟ್ಟರೆ ಆಯ್ತು ಅಂದುಕೊಳ್ಳುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಅಧಿಕಾರವೇ ಮುಗಿಯುತ್ತದೆ. ವೀಲುನಾಮೆ, ಜಂಟಿ ಖಾತೆ, ತೋಟ ಯಾರು ನೋಡಿಕೊಳ್ಳುವುದು, ತನ್ನನ್ನು ಯಾರು ನೋಡಿಕೊಳ್ಳುವುದು, ಎಲ್ಲ ತಲೆ ಸರಿ ಇರುವಾಗಲೇ ಮಾತಾಡಿ ಮುಗಿಸಬೇಕು. ಮಕ್ಕಳೆಲ್ಲ ಊರು ಬಿಟ್ಟಿರುವ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ಮಾತಲ್ಲ.

ವಿರೋಧ: ಈಗಲೇ ಬೇಡ ಮಾರಾಯ್ರೆ

ಪಕ್ಕದ ಮನೆಯ ಅಮ್ಮನಿಗೆ ಲಕ್ಷಣ ಕಾಣಿಸಿತ್ತು. ಅವರಿಗೆ ಬೇಕಾಗಿದ್ದದ್ದು ಆಗಲೇ ಒಬ್ಬ ಡಾಕ್ಟರು. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಅದನ್ನು ಸರಿಮಾಡಬಹುದು. ಎಫ್‌ಡಿಎ ಒಪ್ಪಿದ್ದೂ 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ. ಆರಾಮಾಗಿ ಓಡಾಡಿಕೊಂಡಿರುವವರಿಗಲ್ಲ. ಇನ್ನು ವೀಲುನಾಮೆ ಬರೆಯಲು ರಕ್ತ ಯಾಕೆ ಕೊಡಬೇಕು? ಐವತ್ತೈದಾದ ಎಲ್ಲರೂ ಬರೆಯಬೇಕಾದ್ದೇ ಅಲ್ವಾ?

ಮಿದುಳಿನಲ್ಲಿ ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಮರೆವಿಲ್ಲದೆ ಬಾಳಿದವರು ಎಷ್ಟೋ ಮಂದಿ ಇದ್ದಾರೆ. ಕಿಡ್ನಿ ತೊಂದರೆ ಇದ್ದರೂ ಪಿ-ಟೌ217 ಏರುತ್ತದೆ. ಕಿಡ್ನಿ ಕೆಡಿಸುವ ಸಕ್ಕರೆ, ಬಿಪಿ ಇಲ್ಲದ ಮನೆಯೇ ಅಪರೂಪವಾಗಿರುವಾಗ ಈ ಅಂಕಿಯನ್ನು ಹೇಗೆ ಓದುವುದು? ಪಾಸಿಟಿವ್ ಅಂತ ಚೀಟಿ ಬಂದರೆ ಅಂದಿನಿಂದ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದೂ ಕಾಯಿಲೆ. ಮಗಳ ಸಂಬಂಧಕ್ಕೆ ಬಂದವರ ಕಿವಿಗೆ ಬಿದ್ದರೆ ಅದು ಬೇರೆ ಕಥೆ.

ಮದ್ದಿನ ಲೆಕ್ಕವನ್ನೂ ನೋಡಿ. ಲೆಕಾನೆಮಾಬ್ ಪ್ರಯೋಗದಲ್ಲಿ ಸುಮಾರು 1,800 ಜನರಿದ್ದರು. 18 ತಿಂಗಳಲ್ಲಿ ಕಾಯಿಲೆಯ ಓಟ 27% ನಿಧಾನವಾಯಿತು. ಕೇಳಲು ಚೆನ್ನಾಗಿದೆ, ಆದರೆ ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ನೋಡುವ 18 ಅಂಕದ ಅಳತೆಯಲ್ಲಿ ಅದು ಅರ್ಧ ಅಂಕವೂ ಅಲ್ಲ, 0.45. ಎರಡು ವಾರಕ್ಕೊಮ್ಮೆ ಡ್ರಿಪ್, ಮತ್ತೆ ಮತ್ತೆ ಎಂಆರ್‌ಐ. ಮದ್ದು ತೆಗೆದುಕೊಂಡ ಎಂಟು ಜನರಲ್ಲಿ ಒಬ್ಬರಿಗೆ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತ್ತು, ಹೆಚ್ಚಿನವರಿಗೆ ಏನೂ ಅನಿಸದಿದ್ದರೂ. ಅಡುಕಾನುಮಾಬ್ ಅನ್ನುವ ಇನ್ನೊಂದು ಮದ್ದು 2021ರಲ್ಲಿ ಭಾರೀ ಸದ್ದು ಮಾಡಿ ಬಂತು, 2024ರಲ್ಲಿ ಕಂಪನಿಯೇ ಕೈಬಿಟ್ಟಿತು. ಲಕ್ಷಣ ಇಲ್ಲದವರಿಗೂ ಮದ್ದು ಕೊಟ್ಟು ನೋಡುವ ಟ್ರಯಲ್‌ಗಳು ಶುರುವಾಗಿವೆ. ಅವು ಗೆದ್ದರೆ ನಾನೂ ಲ್ಯಾಬಿಗೆ ಹೋಗುತ್ತೇನೆ.

ಅಷ್ಟರವರೆಗೆ ಮಾಡಲು ಬೇಕಾದಷ್ಟು ಉಂಟು. 2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಡಿಮೆನ್ಷಿಯಾದ (ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಗಳ) 14 ಅಪಾಯಗಳನ್ನು ಹೆಸರಿಸಿತು. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು 45% ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸಿಗರೇಟು, ಪೊರೆ ಬಂದ ಕಣ್ಣು. ಸರ್ಪಸುತ್ತಿನ ಲಸಿಕೆ ಈ ಪಟ್ಟಿಯಲ್ಲಿಲ್ಲ, ಆದರೆ ವೇಲ್ಸ್‌ನಲ್ಲಿ ಅದನ್ನು ಹಾಕಿಸಿಕೊಂಡವರಲ್ಲಿ ಏಳು ವರ್ಷಗಳಲ್ಲಿ ಡಿಮೆನ್ಷಿಯಾ ಸುಮಾರು ಐದನೇ ಒಂದರಷ್ಟು ಕಡಿಮೆ ಕಂಡಿತು. ಯಾಕೆ ಅನ್ನುವುದು ಇನ್ನೂ ಹುಡುಕಾಟದಲ್ಲಿದೆ.

ಪಟ್ಟಿಯಲ್ಲಿ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ್ದು ಕಿವಿ. ಯಕ್ಷಗಾನ ಆಟಕ್ಕೆ ಹೋದ ಹಿರಿಯರನ್ನು ಗಮನಿಸಿ. ಚೆಂಡೆ ಚೆನ್ನಾಗಿ ಕೇಳುತ್ತದೆ, ಪಾತ್ರಗಳ ಮಾತು, ಅಂದರೆ ಅರ್ಥಗಾರಿಕೆ ಬಂದಾಗ ಪಕ್ಕದವರ ಮುಖ ನೋಡುತ್ತಾರೆ. ವಯಸ್ಸಾದಂತೆ ಮೊದಲು ಮಸುಕಾಗುವುದು ಮಾತಿನ ಸಣ್ಣ ಸದ್ದುಗಳು. ಆಮೇಲೆ ಜನರ ನಡುವೆ ಕೂರುವುದನ್ನೇ ಬಿಡುತ್ತಾರೆ. ಹಲ್ಲಿನ ಸೆಟ್ಟಿಗೆ ಇಲ್ಲದ ನಾಚಿಕೆ ಕಿವಿಯ ಮಷೀನಿಗೆ ಯಾಕೋ! ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋದರೂ ಕಿವಿ ನೋಡುತ್ತಾರೆ.