ಖಾಲಿ ಡಬ್ಬಿ ಕೊಡಬಾರದು

ಡಿಸೆಂಬರ್ 24ರ ಮಧ್ಯಾಹ್ನ ಎರಡು ಗಂಟೆಗೆ ಇಲ್ಲಿ ಅಂಗಡಿಗಳು ಬಾಗಿಲೆಳೆದುಕೊಳ್ಳುತ್ತವೆ. ನಾಲ್ಕೂವರೆಗೆಲ್ಲ ಕತ್ತಲು. 25 ಮತ್ತು 26, ಎರಡು ದಿನವೂ ರಜೆ. ಜರ್ಮನಿಗೆ ಬಂದ ಮೊದಲ ವರ್ಷ ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಲ್ಕು ಮೊಟ್ಟೆ, ಒಂದು ಹಿಡಿ ಅಕ್ಕಿ, ಉಪ್ಪಿನಕಾಯಿಯಲ್ಲಿ ಕ್ರಿಸ್‌ಮಸ್ ಮುಗಿಸಿದೆ.

ನಾನು ಮಂಗಳೂರು ಕಡೆಯ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ಸ್ಟುಟ್‌ಗಾರ್ಟ್‌ನಿಂದ ಸ್ವಲ್ಪ ದೂರದ ಸಣ್ಣ ಊರೊಂದರ ಸಭೆಯಲ್ಲಿ ಸೇವೆಗಿದ್ದೇನೆ. ಮಗಳ ಓದಿನ ಕಾರಣ ಮನೆಯವರು ಊರಿನಲ್ಲೇ ಇದ್ದಾರೆ. ಇಲ್ಲಿಯವರು ನನ್ನನ್ನು 'ನಮ್ಮ ಮಿಷನರಿ' ಎಂದು ಕರೆದು ನಗುತ್ತಾರೆ. ನಗುವಿಗೆ ಕಾರಣವಿದೆ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಎಷ್ಟೋ ಪಾದ್ರಿಗಳು ನಮ್ಮ ಕರಾವಳಿಗೆ ಬಂದದ್ದು ಈ ವುರ್ಟೆಂಬರ್ಗ್ ಸೀಮೆಯಿಂದಲೇ. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು ಹಡಗಿನಲ್ಲೇ ಮೂರು ತಿಂಗಳು ಕಳೆದಿದ್ದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಈ ಸೀಮೆಯವರು. ಅಜ್ಜಂದಿರ ಕಾಲದ ಸಾಲ ತೀರಿಸಲು ಬಂದವನಂತೆ ನಾನು ಒಂದೇ ದಿನದಲ್ಲಿ ವಿಮಾನದಿಂದ ಬಂದಿಳಿದೆ.

24ರಂದು ಕೈತುಂಬ ಕೆಲಸ. ನಾಲ್ಕಕ್ಕೆ ಮಕ್ಕಳ ನಾಟಕವಿರುವ ಆರಾಧನೆ, ಆರಕ್ಕೆ ದೊಡ್ಡವರದು, ರಾತ್ರಿ ಹತ್ತೂವರೆಗೆ ಕೊನೆಯದು. ಭಾನುವಾರಗಳಲ್ಲಿ ಮೂವತ್ತು ತಲೆ ಕಾಣದ ದೇವಾಲಯದಲ್ಲಿ ಅಂದು ನಿಲ್ಲಲೂ ಜಾಗವಿರುವುದಿಲ್ಲ. ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಸಾಲಾಗಿ ಕೈ ಕುಲುಕುತ್ತೇನೆ. ಹತ್ತು ನಿಮಿಷಕ್ಕೆ ಅಂಗಳದಲ್ಲಿ ಒಂದು ಕಾರೂ ಉಳಿದಿರುವುದಿಲ್ಲ. ದೀಪವಾರಿಸಿ, ಕೀಲಿ ಹಾಕಿ, ಹೆಪ್ಪುಗಟ್ಟಿದ ಮೆಟ್ಟಿಲನ್ನು ಜೋಪಾನವಾಗಿ ಇಳಿದು ಮನೆ ಸೇರಿದರೆ, ಅಷ್ಟು ಜನರ ಕೈ ಹಿಡಿದ ಕೈಗೆ ಉಳಿದ ಕೆಲಸ ನಿನ್ನೆಯ ಸಾರು ಬಿಸಿ ಮಾಡುವುದು.

ಊರಿನಲ್ಲಾಗಿದ್ದರೆ ಆ ಹೊತ್ತಿಗೆ ಗಾನವೃಂದದ ಹುಡುಗರು ಡೋಲು ಹೊತ್ತು ಹತ್ತನೆಯ ಮನೆಯಲ್ಲಿರುತ್ತಿದ್ದರು. ಮನೆಯ ಮುಂದೆ ಕಾಗದದ ನಕ್ಷತ್ರ, ಒಳಗೆ ಮೂಲೆಯಲ್ಲಿ ಹತ್ತಿ ಅಂಟಿಸಿದ ಗಾಳಿಮರದ ಕೊಂಬೆ. ಆ ಕೊಂಬೆ ಯಾವುದೋ ಬೇರೆ ಮರದ ವೇಷ ಹಾಕಿಕೊಂಡು ನಿಂತಿತ್ತು ಎಂದು ನನಗೆ ಹೊಳೆದದ್ದು ಇಲ್ಲಿಗೆ ಬಂದು ನಿಜವಾದ ಫರ್ ಮರ ನೋಡಿದ ಮೇಲೆ. ಏನು ಮಾಡಲಿ, ಇಂದಿಗೂ ಅಸಲಿ ಮರವೇ ನನಗೆ ನಕಲಿಯಂತೆ ಕಾಣುತ್ತದೆ.

ಎರಡು ವರ್ಷ ನಾನು ಊರಿಗೆ ಫೋನು ಮಾಡಿದಾಗಲೆಲ್ಲ ಒಂದೇ ರಾಗ ಹಾಡಿದೆ: ಇವರದು ಮುಚ್ಚಿದ ಬಾಗಿಲಿನ ಹಬ್ಬ, ನಮ್ಮದು ತೆರೆದ ಬಾಗಿಲಿನದು. ಮೂರನೆಯ ವರ್ಷ ಹೆಂಡತಿ ತಡೆದು ಕೇಳಿದಳು, "ಬಾಗಿಲು ತೆರೆದಿಟ್ಟವರು ನೀವು ಸರಿ, ಒಲೆಯ ಮುಂದೆ ಇದ್ದವರು ಯಾರು?" ಅಮ್ಮನ ನೆನಪಾಯಿತು. ಹಬ್ಬದ ದಿನ ಅಮ್ಮ ಕುಳಿತು ಉಂಡದ್ದನ್ನು ನಾನು ನೋಡಿಲ್ಲ. ಬಂದ ತಂಡಕ್ಕೆಲ್ಲ ಚಹಾ, ಹೋಗುವವರಿಗೆಲ್ಲ ತಿಂಡಿ, ನಡುರಾತ್ರಿಗೆ ಕೋಳಿಯ ಮಸಾಲೆ. ಇಲ್ಲಿ ಹಲವು ಮನೆಗಳಲ್ಲಿ ಆ ರಾತ್ರಿಯ ಊಟ ಆಲೂಗಡ್ಡೆಯ ಸಲಾಡ್ ಮತ್ತು ಬೇಯಿಸಿದ ಸಾಸೇಜ್, ಅಷ್ಟೇ. ಮೊದಲು ಇದನ್ನು ಜಿಪುಣತನ ಎಂದುಕೊಂಡಿದ್ದೆ. ಮನೆಯ ಹೆಂಗಸರೂ ಮೇಜಿನ ಮುಂದೆ ಕುಳಿತಿರುವುದನ್ನು ನೋಡಿದ ಮೇಲೆ ಆ ಮಾತು ಬಿಟ್ಟೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ನಮ್ಮ ಬಾಗಿಲು ತೆರೆದಿದ್ದದ್ದು ಗುರುತಿನವರಿಗೆ. ಹಿಂದಿನ ಮನೆಯ ಭಟ್ಟರಿಗೂ ಪಕ್ಕದ ಬ್ಯಾರಿಗಳ ಮನೆಗೂ ತಿಂಡಿಯ ತಟ್ಟೆ ತಪ್ಪುತ್ತಿರಲಿಲ್ಲ. ಎದುರಿನ ಕಟ್ಟಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಜಾರ್ಖಂಡದ ಕೆಲಸಗಾರರಲ್ಲಿ ಕ್ರೈಸ್ತರಿದ್ದರೇ ಎಂದು ಕೂಡ ನಾನು ವಿಚಾರಿಸಿರಲಿಲ್ಲ. ನಾನೇ ಆ ಜಾಗದಲ್ಲಿ ಬಂದು ನಿಂತ ಮೇಲೆ ಅವರ ನೆನಪಾಗುತ್ತಿದೆ. ಗುರುತಿನವರ ಪಟ್ಟಿ ನಮ್ಮಲ್ಲಿ ಉದ್ದ, ಇಲ್ಲಿ ಗಿಡ್ಡ. ವ್ಯತ್ಯಾಸ ಅಷ್ಟರಲ್ಲೇ ಇದೆ ಎಂದು ನನಗೀಗ ಅನ್ನಿಸುತ್ತದೆ.

ಸಂಜೆ ಏಳಕ್ಕೆ, ಎರಡು ಆರಾಧನೆಗಳ ನಡುವೆ, ಮನೆಗೆ ವಿಡಿಯೊ ಕರೆ ಮಾಡುತ್ತೇನೆ. ಅಲ್ಲಿ ಆಗ ರಾತ್ರಿ ಹನ್ನೊಂದೂವರೆ. ಮಗಳು ಹೊಸ ಲಂಗ ತೋರಿಸುತ್ತ ತೋರಿಸುತ್ತಲೇ ತೂಕಡಿಸುತ್ತಾಳೆ. ಇದನ್ನು ದುಃಖವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬಾಸೆಲ್ ಮಿಷನ್ನಿನವರು ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳುಹಿಸಬೇಕಾಗಿತ್ತು. ಅಂಥ ಮಕ್ಕಳಿಗೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಒಂದು ಮನೆ ತೆರೆದರು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿ, ಡಿಸೆಂಬರಿನ ಸೆಕೆಯಲ್ಲಿ ಗಾಳಿಮರಕ್ಕೆ ದೀಪ ಕಟ್ಟಿದ ತಾಯಿ ಯಾರಾದರೂ ಇದ್ದಿರಬೇಕು. ಆಕೆಗೆ ಮಗುವಿನ ತೂಕಡಿಕೆಯೂ ಕಾಣಸಿಗಲಿಲ್ಲ.

ನಮ್ಮಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನು ಮಾತ್ರವಲ್ಲ, ದಿಕ್ಕಿಲ್ಲದವನೂ ಹೌದು. ಜರ್ಮನ್ನರಲ್ಲಿ 'ಏಲೆಂಡ್' ಎಂದರೆ ಸಂಕಟ, ದುರ್ಗತಿ. ಆ ಮಾತಿನ ಬೇರು ಹುಡುಕಿದರೆ ಸಿಗುವ ಅರ್ಥ ಪರದೇಶ. ಎರಡು ಭಾಷೆಗಳೂ ಮಾತಾಡಿಕೊಂಡಂತೆ ಒಂದೇ ಅನುಭವವನ್ನು ಕೂಡಿಟ್ಟಿವೆ. 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್, ಇಲ್ಲೇ ಹತ್ತಿರದ ಟ್ಯೂಬಿಂಗೆನ್‌ನಲ್ಲಿ 1903ರ ಡಿಸೆಂಬರಿನಲ್ಲಿ ಕಣ್ಮುಚ್ಚಿದರು. ಈ ಎರಡು ಶಬ್ದಗಳ ನಡುವೆಯೇ ಬದುಕಿದ ಮನುಷ್ಯ.

ಮೂರನೆಯ ಕ್ರಿಸ್‌ಮಸ್ಸಿಗೆ ನನ್ನ ಬಾಗಿಲಿನ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಜಿಂಕೆಯ ಚಿತ್ರವಿದ್ದ ತಗಡಿನ ಡಬ್ಬಿ, ಅದರ ತುಂಬ ಗುಟ್ಸ್‌ಲೆ, ಅಂದರೆ ಈ ಕಡೆಯ ಹಬ್ಬದ ಬಿಸ್ಕತ್ತು. ಮೂರು ಮನೆಯಾಚೆಯ ಎಂಬತ್ತು ದಾಟಿದ ಅಜ್ಜಿಯದು. ಗಂಟೆ ಒತ್ತಿ ತೊಂದರೆ ಕೊಡಬಾರದೆಂದು ಹಿಡಿಗೆ ಸಿಕ್ಕಿಸಿ ಹೋಗಿದ್ದರು. ತಿಂದು ಮುಗಿಸಿ, ಮೈದಾ ಕಲಸಿ ತುಕ್ಕುಡಿ ಕರಿದು, ಅದೇ ಡಬ್ಬಿಯಲ್ಲಿ ತುಂಬಿ ಕೊಟ್ಟು ಬಂದೆ. ವಾರದೊಳಗೆ ಡಬ್ಬಿ ತಿರುಗಿ ಬಂತು, ಈ ಬಾರಿ ಒಳಗೆ ಪ್ಲಮ್ ಜಾಮಿನ ಬಾಟಲಿ. ನಾನು ಮತ್ತೆ ತುಂಬಿದೆ. ಫೆಬ್ರವರಿಯ ಹೊತ್ತಿಗೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, "ಪಾದ್ರಿಗಳೇ, ಈಗ ಲೆಕ್ಕ ಸರಿಯಾಯಿತಲ್ಲವೇ?"

ಖಾಲಿ ಪಾತ್ರೆ ಹಿಂದಕ್ಕೆ ಕೊಡುವುದು ನಮ್ಮಲ್ಲಿ ಇಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ ಎಂದೆ. ಅವರು ಲೆಕ್ಕ ಹಾಕುವವರಂತೆ ಸುಮ್ಮನೆ ನಿಂತರು. "ಹಾಗಾದರೆ ಇದು ಮುಗಿಯುವುದು ಯಾವಾಗ?"

ಆ ವರ್ಷ ಅಕ್ಟೋಬರಿನಲ್ಲೇ ಅಜ್ಜಿ ಕ್ಯಾಲೆಂಡರ್ ಹಿಡಿದುಕೊಂಡು ಬಂದರು. 24ರಂದು ಏಳೂವರೆಯಿಂದ ಹತ್ತರವರೆಗೆ ಬಿಡುವಿದೆಯೇ, ಸಾಸೇಜ್ ಎಷ್ಟು ಬೇಕು ಎಂದು ಕೇಳಿ ಬರೆದುಕೊಂಡರು. ಎರಡೂವರೆ ತಿಂಗಳು ಮೊದಲೇ ಸಮಯ ಗೊತ್ತು ಮಾಡುವ ಹಬ್ಬದೂಟ ನನಗೆ ಹೊಸದು, ನಗು ತಡೆದುಕೊಂಡೆ. ಅಂದು ಹೋದಾಗ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು, ಒಂದರ ಪಕ್ಕದಲ್ಲಿ ಮಡಿಸಿದ ಚೀಟಿಯ ಮೇಲೆ ನನ್ನ ಹೆಸರು, ಎರಡು ತಪ್ಪು ಅಕ್ಷರಗಳೊಂದಿಗೆ.

ಈ ಸಲ ಡಬ್ಬಿ ನನ್ನ ಬಳಿ ಇದೆ. ಇಂದು 24. ಮೈದಾ ಮುಗಿದಿದೆ, ಗಂಟೆ ಒಂದು ಇಪ್ಪತ್ತು.